ಮಲೆನಾಡಿನ ಮಳೆಗಾಲ ಮತ್ತು ಪೆರೋವ್‌ಸ್ಕೈಟ್ ಸೌರಕೋಶ: ದಕ್ಷತೆ ಎಲ್ಲಿ ಸೋರುತ್ತದೆ?

ಪೆರೋವ್‌ಸ್ಕೈಟ್ (ಸೀಸ, ಅಯೋಡಿನ್ ಮುಂತಾದವು ಸೇರಿದ, ಬೆಳಕು ಹೀರುವ ಹರಳು ಪದಾರ್ಥ) ಸೌರಕೋಶದ ಮೇಲೆ ಪಿಎಚ್‌ಡಿಗೆ ಸೇರಿದವರು ಮೊದಲು ಓದುವ ಪ್ರಬಂಧಗಳಲ್ಲಿ ಹೆಚ್ಚಿನವು ನೈಟ್ರೋಜನ್ ತುಂಬಿದ ಗ್ಲೋವ್ ಬಾಕ್ಸಿನೊಳಗೆ (ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ನಡೆದ ಕೆಲಸದವು. ಅಲ್ಲಿ ನೀರಿನ ಅಂಶ ಹತ್ತು ಲಕ್ಷಕ್ಕೆ ಒಂದು ಪಾಲೂ ಇರುವುದಿಲ್ಲ. ಅದೇ ಪಾಕವನ್ನು ಶಂಕರಘಟ್ಟದಲ್ಲೋ ಶಿವಮೊಗ್ಗದಲ್ಲೋ, ಆರಿದ್ರಾ ಮಳೆ ಹಿಡಿದ ವಾರದಲ್ಲಿ, ತೆರೆದ ಮೇಜಿನ ಮೇಲೆ ಮಾಡಿ ನೋಡಿ. ಹೊಳೆಯುವ ಕಪ್ಪು ಪದರ ಬರಬೇಕಾದಲ್ಲಿ ಮಂಕಾದ, ಬಿಳಿಚಿಕೊಂಡ ಪದರ ಬರುತ್ತದೆ. ‘ತೇವ ಜಾಸ್ತಿ, ಜನವರಿಗೆ ನೋಡೋಣ’ ಎಂದು ತಿಂಗಳುಗಟ್ಟಲೆ ಕೈಕಟ್ಟಿ ಕೂರುವುದು ನಮ್ಮ ಕಡೆ ರೂಢಿ. ಅದು ಬೇಕಿಲ್ಲ. ತೇವವನ್ನು ದೂರುವ ಬದಲು ಅಳೆದರೆ ಮಳೆಗಾಲದಲ್ಲೂ ಒಳ್ಳೆಯ ಕೋಶ ಮಾಡಬಹುದು. ಅಳೆಯಬೇಕಾದ್ದು ಮಾತ್ರ ಎಲ್ಲರೂ ಬರೆದಿಡುವ ಸಂಖ್ಯೆಯಲ್ಲ.

ಹಿನ್ನೆಲೆ ಚುಟುಕಾಗಿ: 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಶೇ 3.8 ದಕ್ಷತೆಯ ಕೋಶ ತೋರಿಸಿತು. 2012ರಲ್ಲಿ ಘನ ರೂಪದ ಕೋಶಗಳು ಶೇ 10ರ ಆಸುಪಾಸಿಗೆ ಬಂದವು. ಈಗ ಒಂಟಿ ಕೋಶ ಶೇ 26 ದಾಟಿದೆ, ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸಿದ ಜೋಡಿ ಕೋಶ ಶೇ 34 ದಾಟಿದೆ. ಈ ದಾಖಲೆಗಳ ಹಿಂದೆ ಓಡುವುದು ಪಿಎಚ್‌ಡಿಯ ಕೆಲಸವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಶೇ 18ರ ಕೋಶ ಏಕೆ 18ರಲ್ಲೇ ನಿಂತಿತು ಎಂದು ಸಂಖ್ಯೆ ಸಮೇತ ಹೇಳಬಲ್ಲವರ ಪ್ರಬಂಧ ಹೆಚ್ಚು ಕಾಲ ಬಾಳುತ್ತದೆ.

ಮೊದಲು ಗಾಳಿಯ ವಿಷಯ. ಪ್ರಯೋಗಾಲಯದ ಗೋಡೆಯ ಮೇಲಿನ ಮೀಟರ್ ತೋರಿಸುವುದು ಸಾಪೇಕ್ಷ ಆರ್ದ್ರತೆ. ಅದೊಂದನ್ನೇ ಬರೆದಿಟ್ಟರೆ ಪ್ರಯೋಜನ ಕಡಿಮೆ, ಉಷ್ಣಾಂಶ ಬದಲಾದ ಕೂಡಲೇ ಅದೂ ಬದಲಾಗುತ್ತದೆ. ಬರೆದಿಡಬೇಕಾದ್ದು ಇಬ್ಬನಿ ಬಿಂದು, ಅಂದರೆ ಯಾವ ಉಷ್ಣಾಂಶಕ್ಕೆ ಇಳಿದರೆ ಆ ಗಾಳಿ ನೀರು ಬಿಡುತ್ತದೆ ಎಂಬುದು. ಆರ್ದ್ರತೆ ಶೇ 50ಕ್ಕಿಂತ ಮೇಲಿದ್ದರೆ ಬಾಯಿಲೆಕ್ಕ ಸಾಕು: ನೂರರಿಂದ ಆರ್ದ್ರತೆಯನ್ನು ಕಳೆದು, ಐದರಿಂದ ಭಾಗಿಸಿ, ಬಂದದ್ದನ್ನು ಕೋಣೆಯ ಉಷ್ಣಾಂಶದಿಂದ ಕಳೆಯಿರಿ. ಜುಲೈಯಲ್ಲಿ 24 ಡಿಗ್ರಿ, ಶೇ 90 ಇದ್ದರೆ ಇಬ್ಬನಿ ಬಿಂದು 22 ಡಿಗ್ರಿ. ಅಂದರೆ ಗಾಜಿನ ಮೇಲ್ಮೈ ಬರೀ ಎರಡು ಡಿಗ್ರಿ ತಣ್ಣಗಾದರೆ ನೀರು ಕೂರುತ್ತದೆ. ಸ್ಪಿನ್ ಕೋಟರ್ (ಗಾಜನ್ನು ವೇಗವಾಗಿ ತಿರುಗಿಸಿ ದ್ರಾವಣವನ್ನು ತೆಳ್ಳಗೆ ಹರಡುವ ಯಂತ್ರ) ಮೇಲೆ ದ್ರಾವಕ ಆರುವಾಗ ಆಗುವುದೇ ಅದು, ಆವಿಯಾಗುವ ದ್ರಾವಕ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ. ಪದರ ಬಿಳಿಚಿಕೊಳ್ಳುವುದಕ್ಕೆ ಒಂದು ದೊಡ್ಡ ಕಾರಣ ಇಲ್ಲಿದೆ. ಇನ್ನೊಂದು, ಪೆರೋವ್‌ಸ್ಕೈಟ್‌ನ ಲವಣಗಳನ್ನು ಕರಗಿಸುವ ದ್ರಾವಕಗಳಾದ ಡಿಎಂಎಫ್ ಮತ್ತು ಡಿಎಂಎಸ್‌ಒ ಎರಡೂ ಗಾಳಿಯ ನೀರನ್ನು ಹೀರುತ್ತವೆ. ನೀರು ಸೇರಿದ ದ್ರಾವಕದಲ್ಲಿ ಲೆಡ್ ಅಯೋಡೈಡ್ ನಿಲ್ಲಲಾರದೆ ಬೇಗ ಬೇರ್ಪಡುತ್ತದೆ, ಹರಳುಗಳು ಅಲ್ಲೊಂದು ಇಲ್ಲೊಂದು ಹುಟ್ಟಿ ನಡುವೆ ತೂತು ಬೀಳುತ್ತದೆ.

ಈಗ ಮಾರ್ಚ್ ತಿಂಗಳು ನೋಡಿ: 34 ಡಿಗ್ರಿ, ಶೇ 30. ಇಬ್ಬನಿ ಬಿಂದು ಸುಮಾರು 14. ಮಳೆಗಾಲದಲ್ಲಿ ಎಸಿ ಹಾಕಿ ಕೋಣೆಯನ್ನು 24 ಡಿಗ್ರಿ, ಶೇ 55ಕ್ಕೆ ತಂದರೂ ಇಬ್ಬನಿ ಬಿಂದು ಹತ್ತಿರ ಹತ್ತಿರ 14 ಡಿಗ್ರಿಯೇ. ಶೇ 30 ಮತ್ತು ಶೇ 55 ಕಾಗದದ ಮೇಲೆ ದೂರದೂರ ಕಾಣುತ್ತವೆ, ಗಾಳಿಯಲ್ಲಿರುವ ನೀರು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗೆಂದು ಎಸಿ ಕೋಣೆಯೊಂದೇ ಸಾಲದು. ಪದರ ಹಾಕುವ ಜಾಗದಲ್ಲಿ ಇಬ್ಬನಿ ಬಿಂದು 5 ಡಿಗ್ರಿಗೆ ಇಳಿದರೆ ನೆಮ್ಮದಿ. 24 ಡಿಗ್ರಿಯಲ್ಲಿ ಅದು ಶೇ 30 ಆರ್ದ್ರತೆ.

ಅಷ್ಟಕ್ಕೆ ಗ್ಲೋವ್ ಬಾಕ್ಸ್ ಬೇಡ. ಸ್ಪಿನ್ ಕೋಟರ್ ಮತ್ತು ಸಣ್ಣ ಹಾಟ್‌ಪ್ಲೇಟ್ ಎರಡೂ ಹಿಡಿಯುವ ಅಕ್ರಿಲಿಕ್ ಪೆಟ್ಟಿಗೆ, ಮುಂದೆ ಕೈ ಹಾಕಲು ಎರಡು ತೂತು, ಒಳಗೆ ಒಣಗಾಳಿ, ಇಷ್ಟು ಸಾಕು. ಹಾಟ್‌ಪ್ಲೇಟ್ ಅಕ್ರಿಲಿಕ್ ಗೋಡೆಗೆ ತಾಗದ ಹಾಗೆ, ಕೆಳಗೆ ಶಾಖ ತಡೆಯುವ ಹಲಗೆ ಇಟ್ಟು ಕೂರಿಸಿ. ಒಣಗಾಳಿಗೆ ನೈಟ್ರೋಜನ್ ಸಿಲಿಂಡರ್ ನೆಚ್ಚಿಕೊಂಡರೆ ದುಬಾರಿ: ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್ ಅನಿಲ, ನಿಮಿಷಕ್ಕೆ 20 ಲೀಟರ್ ಬಿಟ್ಟರೆ ಆರು ಗಂಟೆಯೊಳಗೆ ಖಾಲಿ. ಎಣ್ಣೆ ಬಳಸದ ಕಂಪ್ರೆಸರ್ ಒಳ್ಳೆಯದು. ಗಾಳಿಯನ್ನು ಎಂಟು ಪಟ್ಟು ಒತ್ತಿದಾಗ ಅದರ ನೀರಿನ ಬಹುಪಾಲು ಟ್ಯಾಂಕಿನಲ್ಲೇ ಇಳಿದುಹೋಗುತ್ತದೆ. ಆ ನೀರನ್ನು ದಿನವೂ ಬೆಳಿಗ್ಗೆ ತಳದ ವಾಲ್ವ್ ತಿರುಗಿಸಿ ಹೊರಗೆ ಬಿಡಬೇಕು, ಬಿಡದಿದ್ದರೆ ಅದೇ ನೀರು ಪೈಪಿಗೆ ಬರುತ್ತದೆ. ನಂತರ ಎರಡು ಕೊಳವೆ ಸಿಲಿಕಾ ಜೆಲ್, ತಲಾ ಒಂದು ಕಿಲೋ, ಒಂದರ ಹಿಂದೊಂದು. ಮೊದಲನೆಯದು ಬಣ್ಣ ತಿರುಗಿದಾಗ ತೆಗೆದು 120 ಡಿಗ್ರಿಯ ಓವನ್‌ನಲ್ಲಿ ಮೂರು ಗಂಟೆ ಒಣಗಿಸಿ, ಮತ್ತೆ ಎರಡನೆಯ ಜಾಗಕ್ಕೆ ಹಾಕಿ. ಎಣ್ಣೆಯ ಕಂಪ್ರೆಸರ್ ಮಾತ್ರ ಇದ್ದರೆ ಎಣ್ಣೆ ಹಿಡಿಯುವ ಫಿಲ್ಟರ್ ಮತ್ತು ಇದ್ದಿಲ ಕೊಳವೆ ಸೇರಿಸಲೇಬೇಕು. ಎಣ್ಣೆಯ ಹನಿ ಬಿದ್ದಲ್ಲಿ ಪೆರೋವ್‌ಸ್ಕೈಟ್ ಗಾಜಿಗೆ ಅಂಟುವುದಿಲ್ಲ.

ಗಾಜನ್ನು ಬಿಸಿ ಮಾಡಿಕೊಳ್ಳುವುದು ಇನ್ನೊಂದು ದಾರಿ. 24 ಡಿಗ್ರಿ, ಶೇ 90ರ ಗಾಳಿಯಲ್ಲಿ ಗಾಜನ್ನು 40 ಡಿಗ್ರಿಯಲ್ಲಿ ಇಟ್ಟರೆ ಅದರ ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇ 36ಕ್ಕೆ ಇಳಿಯುತ್ತದೆ. ಆದರೆ ಬಿಸಿ ಗಾಜಿನ ಮೇಲೆ ದ್ರಾವಣ ಬೇಗ ಆರುವುದರಿಂದ ಪ್ರತಿದ್ರಾವಕ (ಲವಣಗಳನ್ನು ಕರಗಿಸದೆ, ಹರಳುಗಳು ಒಮ್ಮೆಗೇ ಹುಟ್ಟುವಂತೆ ಮಾಡುವ ದ್ರವ) ಸುರಿಯುವ ಕ್ಷಣ ಇನ್ನೂ ಬೇಗ ಬರುತ್ತದೆ, ಅದನ್ನು ಹೊಸದಾಗಿ ಹುಡುಕಿಕೊಳ್ಳಬೇಕು.

ಇನ್ನು ಪಾಕ. ಎಫ್‌ಟಿಒ ಗಾಜಿನ (ವಿದ್ಯುತ್ ಹರಿಸುವ ಪಾರದರ್ಶಕ ಲೇಪನವಿರುವ ಗಾಜು) ಒಂದು ಅಂಚಿನ ಲೇಪನವನ್ನು ಸತುವಿನ ಪುಡಿ ಮತ್ತು 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಸವೆಸಿ ಮಲ್ಟಿಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ಸಾಬೂನು ದ್ರಾವಣ, ಅಯಾನು ತೆಗೆದ ನೀರು, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್ ಹೀಗೆ ತಲಾ 15 ನಿಮಿಷ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, 15 ನಿಮಿಷ ಯುವಿ–ಓಝೋನ್ ಕೊಡಿ. ಟಿನ್ ಆಕ್ಸೈಡ್ ಕಲಾಯ್ಡ್ ಶೇ 15ರದ್ದು ಬರುತ್ತದೆ. ಒಂದು ಪಾಲಿಗೆ ಐದು ಪಾಲು ನೀರು ಸೇರಿಸಿ, ಸೋಸಿ, ನಿಮಿಷಕ್ಕೆ 3000 ಸುತ್ತಿನಲ್ಲಿ 30 ಸೆಕೆಂಡ್ ಹಚ್ಚಿ, 150 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಎಲೆಕ್ಟ್ರಾನ್ ಸಾಗಿಸುವ ಪದರ ಸಿದ್ಧ. ಟೈಟಾನಿಯಂ ಡೈಆಕ್ಸೈಡ್‌ಗೆ 450–500 ಡಿಗ್ರಿ ಬೇಕು. ಪದೇಪದೇ ಕರೆಂಟ್ ಹೋಗುವ ಕಡೆ ನನ್ನ ಆಯ್ಕೆ ಟಿನ್ ಆಕ್ಸೈಡೇ. ಹಾಟ್‌ಪ್ಲೇಟ್ ಮತ್ತು ಸ್ಪಿನ್ ಕೋಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಕಾಯಿಸುವ ನಡುವೆ ತಣ್ಣಗಾದ ಪೆರೋವ್‌ಸ್ಕೈಟ್ ಪದರವನ್ನು ಮತ್ತೆ ಬಿಸಿ ಮಾಡಿ ಲೆಕ್ಕಕ್ಕೆ ಸೇರಿಸಬಾರದು.

ಪೆರೋವ್‌ಸ್ಕೈಟ್‌ಗೆ ಶೇ 10 ಸೀಸಿಯಂ, ಶೇ 90 ಫಾರ್ಮಮಿಡಿನಿಯಂ ಮಿಶ್ರಣ ನನಗೆ ಇಷ್ಟ. ಮೀಥೈಲ್ ಅಮೋನಿಯಂ ಇರುವ ಹಳೆಯ ಪಾಕ ಹಾಕಲು ಸುಲಭ, ಆದರೆ ಬಿಸಿಗೆ ಅದು ಹಾರಿಹೋಗುತ್ತದೆ. 1.4 ಮೋಲಾರ್ ದ್ರಾವಣ ಒಂದು ಮಿಲಿಲೀಟರ್‌ಗೆ ಸೀಸಿಯಂ ಅಯೋಡೈಡ್ 36.4 ಮಿಲಿಗ್ರಾಂ, ಫಾರ್ಮಮಿಡಿನಿಯಂ ಅಯೋಡೈಡ್ 216.7 ಮಿಲಿಗ್ರಾಂ, ಲೆಡ್ ಅಯೋಡೈಡ್ 677.7 ಮಿಲಿಗ್ರಾಂ. ಲೆಡ್ ಅಯೋಡೈಡ್ ಇದರಲ್ಲಿ ಶೇ 5ರಷ್ಟು ಹೆಚ್ಚು, ಹರಳುಗಳ ಅಂಚನ್ನು ಸರಿಪಡಿಸಲಿ ಎಂದು ಬೇಕೆಂದೇ ಸೇರಿಸಿದ್ದು. ದ್ರಾವಕ ನಾಲ್ಕು ಪಾಲು ಡಿಎಂಎಫ್, ಒಂದು ಪಾಲು ಡಿಎಂಎಸ್‌ಒ. 60 ಡಿಗ್ರಿಯಲ್ಲಿ ಕಲಕಿ, ಆರಿಸಿ, 0.22 ಮೈಕ್ರಾನ್ ಪಿಟಿಎಫ್‌ಇ ಫಿಲ್ಟರಿನಲ್ಲಿ ಸೋಸಿ.

ತೂಗುವಲ್ಲಿ ಮಳೆಗಾಲ ಮೋಸ ಮಾಡುತ್ತದೆ. ಅಡುಗೆಮನೆಯ ಉಪ್ಪು ನೀರೊಡೆಯುವ ಹಾಗೆ ಫಾರ್ಮಮಿಡಿನಿಯಂ ಅಯೋಡೈಡ್ ಕೂಡ ನೀರೆಳೆದುಕೊಳ್ಳುತ್ತದೆ. 216.7 ಮಿಲಿಗ್ರಾಂ ತೂಗಿದ್ದರಲ್ಲಿ ಶೇ 3 ನೀರೇ ಇದ್ದರೆ, ಶೇ 5 ಎಂದುಕೊಂಡಿದ್ದ ಹೆಚ್ಚುವರಿ ಲೆಡ್ ಅಯೋಡೈಡ್ ವಾಸ್ತವದಲ್ಲಿ ಶೇ 8 ಆಗಿರುತ್ತದೆ. ಪಾಕ ಒಂದೇ, ಫಲಿತಾಂಶ ಬೇರೆ. ಸೇರಿಸಿದ ಹೊಸ ರಾಸಾಯನಿಕದ ಗುಣವೆಂದು ತಪ್ಪು ತಿಳಿಯಲು ಇಷ್ಟು ಸಾಕು. ಬಾಟಲಿಯನ್ನು ಡೆಸಿಕೇಟರ್‌ನಿಂದ (ತೇವ ಹೀರುವ ಪದಾರ್ಥ ಹಾಕಿ ಮುಚ್ಚಿದ ಪಾತ್ರೆ) ತೆಗೆದು ಒಣ ಪೆಟ್ಟಿಗೆಯೊಳಗೇ ಚಿಕ್ಕ ಶೀಸೆಗಳಿಗೆ ಹಂಚಿಡಿ, ಒಂದು ಶೀಸೆ ಒಂದೇ ಸಲ ತೆರೆಯಿರಿ. ಫ್ರಿಜ್‌ನಲ್ಲಿಟ್ಟ ಬಾಟಲಿ ಕೋಣೆಯ ಉಷ್ಣಾಂಶಕ್ಕೆ ಬರುವ ಮೊದಲು ಮುಚ್ಚಳ ತಿರುಗಿಸಲೇಬಾರದು. ಚಳಿಗಾಲದ್ದು ಬೇರೆ ಕಥೆ: ಡಿಎಂಎಸ್‌ಒ 18.5 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಅರ್ಧ ಹೆಪ್ಪು ಕಂಡರೆ ಅದು ಕೆಟ್ಟಿಲ್ಲ. ಬೆಚ್ಚನೆ ನೀರಿನಲ್ಲಿಟ್ಟು ಪೂರ್ತಿ ಕರಗಿಸಿಯೇ ಬಳಸಿ.

ಪದರ ಹಾಕುವುದು ಒಂದು ನಿಮಿಷದೊಳಗಿನ ಕೆಲಸ, ಇಡೀ ಪ್ರಬಂಧದ ಭವಿಷ್ಯ ಅದರಲ್ಲಿದೆ. 1000 ಸುತ್ತಿನಲ್ಲಿ 10 ಸೆಕೆಂಡ್, ಆಮೇಲೆ 5000 ಸುತ್ತಿನಲ್ಲಿ 30 ಸೆಕೆಂಡ್. ಮುಗಿಯಲು 10 ಸೆಕೆಂಡ್ ಇದೆ ಅನ್ನುವಾಗ 150–200 ಮೈಕ್ರೋಲೀಟರ್ ಪ್ರತಿದ್ರಾವಕವನ್ನು ನಡುಮಧ್ಯಕ್ಕೆ, ಒಂದೇ ಧಾರೆಯಲ್ಲಿ ಬಿಡಬೇಕು. ಎಲ್ಲರೂ ಕ್ಲೋರೋಬೆಂಜೀನ್ ಹೇಳುತ್ತಾರೆ. ತೇವದ ಗಾಳಿಯಲ್ಲಿ ಈಥೈಲ್ ಅಸಿಟೇಟ್ ವಾಸಿ, ಅದು ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಂಡು ಹೊರಗೆಸೆಯುತ್ತದೆ, ವಿಷವೂ ಕಡಿಮೆ. ಸುರಿದ ಕೂಡಲೇ ಪದರ ತಿಳಿಗಂದು ಬಣ್ಣಕ್ಕೆ ತಿರುಗಿ ಪಾರದರ್ಶಕವಾಗಿಯೇ ಉಳಿಯಬೇಕು. ತಡಮಾಡದೆ 150 ಡಿಗ್ರಿಯ ತಟ್ಟೆಗೆ ಇಟ್ಟು ಹತ್ತು ನಿಮಿಷ. ಸುರಿಯುವುದು ತಡವಾದರೆ ಪದರ ಆಗಲೇ ಮಂಕಾಗಿರುತ್ತದೆ, ಬೇಗವಾದರೆ ತಟ್ಟೆಯ ಮೇಲೆ ಒರಟಾಗುತ್ತದೆ. ಉಂಗುರದ ಗುರುತು ಕಂಡರೆ ಧಾರೆ ನಡುವಿನಿಂದ ಜಾರಿದೆ, ಬಾಲದ ಗೆರೆ ಕಂಡರೆ ಧೂಳಿದೆ ಅಥವಾ ಸೋಸಿದ್ದು ಸಾಲದು. ಗುರಿ ಸುಮಾರು 500 ನ್ಯಾನೋಮೀಟರ್ ದಪ್ಪ.

ಕಪ್ಪು ಪದರ ಒಂದೆರಡು ದಿನದಲ್ಲಿ ಅಂಚಿನಿಂದ ಹಳದಿಯಾದರೆ ಎರಡು ಬೇರೆ ರೋಗಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಎಕ್ಸ್‌ರೇ ವಿವರ್ತನೆಯಲ್ಲಿ 11.8 ಡಿಗ್ರಿಯಲ್ಲಿ ಶಿಖರ ಬಂದರೆ ಫಾರ್ಮಮಿಡಿನಿಯಂ ಲೆಡ್ ಅಯೋಡೈಡ್ ತನ್ನ ಹಳದಿ ಹರಳುರೂಪಕ್ಕೆ ಜಾರಿದೆ. ಪದಾರ್ಥ ಅದೇ, ಜೋಡಣೆ ಬೇರೆ, ನೀರಿನಾವಿ ಈ ಜಾರುವಿಕೆಯನ್ನು ಚುರುಕಾಗಿಸುತ್ತದೆ. 12.7ರಲ್ಲಿ ಬಂದರೆ ಅದು ಲೆಡ್ ಅಯೋಡೈಡ್. ಹಾಕುವಾಗಿನ ಹೆಚ್ಚುವರಿಯಷ್ಟೇ ಇದ್ದು ದಿನದಿಂದ ದಿನಕ್ಕೆ ಬೆಳೆಯದಿದ್ದರೆ ಚಿಂತೆಯಿಲ್ಲ, ಬೆಳೆಯುತ್ತಿದ್ದರೆ ಪದರ ಒಡೆಯುತ್ತಿದೆ. ಬೇಕಾದ ಕಪ್ಪು ರೂಪದ ಶಿಖರ 14 ಡಿಗ್ರಿಯ ಹತ್ತಿರ.

ಧನ ಆವೇಶ ಸಾಗಿಸುವ ಮೇಲಿನ ಪದರಕ್ಕೆ ಸ್ಪೈರೋ–ಒಮೆಟ್ಯಾಡ್ ಎಂಬ ಸಾವಯವ ಪದಾರ್ಥ: 72.3 ಮಿಲಿಗ್ರಾಂ ಒಂದು ಮಿಲಿಲೀಟರ್ ಕ್ಲೋರೋಬೆಂಜೀನ್‌ಗೆ, ಜೊತೆಗೆ ಟರ್ಟ್–ಬ್ಯೂಟೈಲ್ ಪಿರಿಡಿನ್ 28.8 ಮೈಕ್ರೋಲೀಟರ್, ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ ಲಿಥಿಯಂ ಟಿಎಫ್‌ಎಸ್‌ಐ (ಮಿಲಿಲೀಟರ್‌ಗೆ 520 ಮಿಲಿಗ್ರಾಂ) 17.5 ಮೈಕ್ರೋಲೀಟರ್. 4000 ಸುತ್ತು, 30 ಸೆಕೆಂಡ್. ಇಲ್ಲಿ ಒಂದು ಇಕ್ಕಟ್ಟಿದೆ. ಸ್ಪೈರೋ ಚೆನ್ನಾಗಿ ವಿದ್ಯುತ್ ಹರಿಸಬೇಕಾದರೆ ಅದಕ್ಕೆ ಆಮ್ಲಜನಕ ತಾಗಬೇಕು, ಲಿಥಿಯಂ ಲವಣಕ್ಕೆ ಮಾತ್ರ ನೀರು ತಾಗಬಾರದು. ಆದ್ದರಿಂದ ರಾತ್ರಿಯಿಡೀ ಗಾಳಿಗಿಡುವಾಗ ಅದು ಒಣಗಾಳಿ ಆಗಿರಬೇಕು: ಶೇ 20ಕ್ಕಿಂತ ಕಡಿಮೆ ಆರ್ದ್ರತೆಯ, ಕತ್ತಲೆಯ ಡೆಸಿಕೇಟರ್. ನೈಟ್ರೋಜನ್‌ನಲ್ಲಿಟ್ಟರೆ ಉತ್ಕರ್ಷಣ ಸಾಲದೆ ಕೋಶದ ಕರೆಂಟ್–ವೋಲ್ಟೇಜ್ ರೇಖೆ ನಡುವೆ ಬಾಗಿ ಇಂಗ್ಲಿಷಿನ ‘ಎಸ್’ ಆಕಾರ ತಾಳುತ್ತದೆ. ಕೊನೆಗೆ ನಿರ್ವಾತದಲ್ಲಿ 80 ನ್ಯಾನೋಮೀಟರ್ ಚಿನ್ನ. ಮೊದಲ 10 ನ್ಯಾನೋಮೀಟರ್ ತೀರಾ ನಿಧಾನವಾಗಿ, ಇಲ್ಲದಿದ್ದರೆ ಬಿಸಿ ಚಿನ್ನ ಸ್ಪೈರೋ ಒಳಗೆ ಇಳಿದು ಕೋಶ ಶಾರ್ಟ್ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ದಕ್ಷತೆಯ ಲೆಕ್ಕ. ತೆರೆದ ಮಂಡಲದ ವೋಲ್ಟೇಜ್ (ಕರೆಂಟ್ ಹರಿಯದಿರುವಾಗಿನದು), ಶಾರ್ಟ್ ಕರೆಂಟ್ (ಎರಡೂ ತುದಿ ನೇರ ಜೋಡಿಸಿದಾಗಿನದು), ಫಿಲ್ ಫ್ಯಾಕ್ಟರ್ (ಆ ಎರಡರ ಗುಣಲಬ್ಧದಲ್ಲಿ ನಿಜಕ್ಕೂ ಕೈಗೆ ಸಿಗುವ ಪಾಲು) ಮೂರರ ಗುಣಲಬ್ಧ. 1.08 ವೋಲ್ಟ್, ಚದರ ಸೆಂಟಿಮೀಟರ್‌ಗೆ 23.5 ಮಿಲಿಆಂಪಿಯರ್, 0.74 ಆದರೆ ಶೇ 18.8. ಶಕ್ತಿ ಅಂತರ 1.55 ಎಲೆಕ್ಟ್ರಾನ್ ವೋಲ್ಟ್ ಇರುವ ಪದಾರ್ಥಕ್ಕೆ ಸೈದ್ಧಾಂತಿಕ ಮಿತಿ ಸುಮಾರು 1.27 ವೋಲ್ಟ್, 27 ಮಿಲಿಆಂಪಿಯರ್. ಬಹಳ ಜನ ಕರೆಂಟ್ ಹೆಚ್ಚಿಸಲು ಹೊರಡುತ್ತಾರೆ. ಅಲ್ಲಿ ಗಾಜಿನ ಪ್ರತಿಫಲನವೇ ಒಂದು ಪಾಲು ತಿಂದಿರುತ್ತದೆ, ನಿಮ್ಮ ಕೈಯಲ್ಲಿರುವುದು ಸ್ವಲ್ಪ. ಸೋರಿಕೆ ದೊಡ್ಡದಿರುವುದು ವೋಲ್ಟೇಜ್‌ನಲ್ಲಿ, ಅದರಲ್ಲೂ ಪೆರೋವ್‌ಸ್ಕೈಟ್‌ನ ಎರಡೂ ಮಗ್ಗುಲಿನ ಗಡಿಗಳಲ್ಲಿ. ಅದನ್ನು ಪತ್ತೆ ಮಾಡಲು ಕೋಶ ಪೂರ್ತಿ ಕಟ್ಟಬೇಕಿಲ್ಲ. ಬರೀ ಗಾಜಿನ ಮೇಲಿನ ಪೆರೋವ್‌ಸ್ಕೈಟ್, ಟಿನ್ ಆಕ್ಸೈಡ್ ಮೇಲಿನದು, ಮೇಲೆ ಸ್ಪೈರೋ ಹಾಕಿದ್ದು, ಹೀಗೆ ಮೂರು ಮಾದರಿಗಳ ಬೆಳಕು ಹೊಮ್ಮಿಸುವ ಪ್ರಮಾಣ ಅಳೆಯಿರಿ. ಬೆಳಕು ಹತ್ತು ಪಟ್ಟು ಕುಸಿದ ಕಡೆ ಸುಮಾರು 60 ಮಿಲಿವೋಲ್ಟ್ ಹೋಯಿತೆಂದೇ ಲೆಕ್ಕ. ಯಾವ ಗಡಿ ಕಳ್ಳ ಎಂಬುದು ಹೀಗೆ ನೇರವಾಗಿ ಗೊತ್ತಾಗುತ್ತದೆ.

ಮೇಲಿನ ಗಡಿ ಸೋರುತ್ತಿದ್ದರೆ ಫಿನೈಲ್ ಈಥೈಲ್ ಅಮೋನಿಯಂ ಅಯೋಡೈಡ್, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮಿಲಿಲೀಟರ್‌ಗೆ 5 ಮಿಲಿಗ್ರಾಂ, 5000 ಸುತ್ತಿನಲ್ಲಿ ಹಚ್ಚಿ. ಮತ್ತೆ ಕಾಯಿಸಬೇಡಿ, ಕಾಯಿಸಿದರೆ ಅದು ಪೆರೋವ್‌ಸ್ಕೈಟ್ ಜೊತೆ ಸೇರಿ ಎರಡು ಆಯಾಮದ ಪದರ ಕಟ್ಟಿ ವಿದ್ಯುದಾವೇಶದ ದಾರಿಗೆ ಅಡ್ಡ ಬರಬಹುದು. ಆಲ್ಕೋಹಾಲ್ ಹೊಸದಾಗಿ ತೆರೆದ, ನೀರು ತೆಗೆದದ್ದೇ ಆಗಬೇಕು. ಕೆಳಗಿನ ಗಡಿಯಾದರೆ ಟಿನ್ ಆಕ್ಸೈಡ್ ದ್ರಾವಣಕ್ಕೆ ಅತ್ಯಲ್ಪ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ ನೋಡಿ. ವೋಲ್ಟೇಜ್ 1.14ಕ್ಕೂ ಫಿಲ್ ಫ್ಯಾಕ್ಟರ್ 0.79ಕ್ಕೂ ಏರಿ ಕರೆಂಟ್ 24 ಆದರೆ ದಕ್ಷತೆ ಶೇ 21.6.

ಅಳತೆ ನಂಬುವಂತಿರಬೇಕು. ದೀಪವನ್ನು ಚದರ ಸೆಂಟಿಮೀಟರ್‌ಗೆ 100 ಮಿಲಿವ್ಯಾಟ್‌ಗೆ ಪ್ರಮಾಣಿತ ಸಿಲಿಕಾನ್ ಕೋಶದಿಂದ ಹೊಂದಿಸಿ. ಕೋಶದ ಮುಂದೆ ಅಳತೆ ಗೊತ್ತಿರುವ ಕಪ್ಪು ಲೋಹದ ಮಾಸ್ಕ್ ಇಡಿ, ಇಲ್ಲದಿದ್ದರೆ ಪಕ್ಕದಿಂದ ಬಂದ ಬೆಳಕೂ ಲೆಕ್ಕಕ್ಕೆ ಸೇರುತ್ತದೆ. ವೋಲ್ಟೇಜನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಓಡಿಸಿ ಎರಡನ್ನೂ ವರದಿ ಮಾಡಿ, ಗರಿಷ್ಠ ಶಕ್ತಿಯ ಬಿಂದುವಿನಲ್ಲಿ ಐದು ನಿಮಿಷ ನಿಲ್ಲಿಸಿ ಬಂದದ್ದೇ ನಿಜವಾದ ದಕ್ಷತೆ. ಇನ್ನು ನಮ್ಮ ಊರಿಗೇ ವಿಶೇಷವಾದ ಎಚ್ಚರಿಕೆ: ಮಾರ್ಚ್‌ನಲ್ಲಿ ಮಾಡಿದ ಸಾದಾ ಕೋಶವನ್ನು ನವೆಂಬರ್‌ನಲ್ಲಿ ಮಾಡಿದ ಹೊಸ ಪಾಕದ ಕೋಶಕ್ಕೆ ಹೋಲಿಸಿದರೆ ನೀವು ಹೋಲಿಸಿದ್ದು ಎರಡು ಋತುಗಳನ್ನು. ಒಂದೇ ದಿನದಲ್ಲೂ ಬೆಳಿಗ್ಗೆಯ ಮಂಜಿಗೂ ಮಧ್ಯಾಹ್ನದ ಬಿಸಿಲಿಗೂ ವ್ಯತ್ಯಾಸವಿದೆ. ಸಾದಾ ಗಾಜು ಎಂಟು, ಹೊಸ ಪಾಕದ ಗಾಜು ಎಂಟು, ಚೀಟಿ ಎತ್ತಿ ಕ್ರಮ ಬೆರೆಸಿ, ಒಂದೇ ದಿನ ಹಾಕಿ. ಪ್ರತಿ ಗಾಜಿನ ಎದುರು ಇಬ್ಬನಿ ಬಿಂದು ಬರೆಯಿರಿ. ಅತ್ಯುತ್ತಮ ಒಂದನ್ನಲ್ಲ, ಹದಿನಾರನ್ನೂ ಗ್ರಾಫಿಗೆ ಹಾಕಿ. ಎರಡು ವರ್ಷ ಹೀಗೆ ಬರೆದಿಟ್ಟ ಪುಸ್ತಕದಿಂದ ಇಬ್ಬನಿ ಬಿಂದುವಿಗೂ ವೋಲ್ಟೇಜ್‌ಗೂ ಇರುವ ನಂಟನ್ನು ಎಳೆದು ತೋರಿಸಬಹುದು, ಗ್ಲೋವ್ ಬಾಕ್ಸಿನೊಳಗೆ ಕೂತವರಿಗೆ ಆ ಅಧ್ಯಾಯ ಸಿಗುವುದಿಲ್ಲ.

ಇಲ್ಲಿಲ್ಲದ ಉಪಕರಣಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೆಂದೇ ಐಎನ್‌ಯುಪಿ ಯೋಜನೆ ಇದೆ. ಮಾದರಿಯನ್ನು ರಾತ್ರಿ ಬಸ್ಸಿಗೆ ಒಯ್ಯುವಾಗ ಪ್ಲಾಸ್ಟಿಕ್ ಡಬ್ಬಿಯನ್ನು ನಂಬಬೇಡಿ, ನೀರಿನಾವಿ ಪ್ಲಾಸ್ಟಿಕ್ ದಾಟಿ ಬರುತ್ತದೆ. ಅಲ್ಯೂಮಿನಿಯಂ ಹಾಳೆಯ ಚೀಲ, ಒಳಗೆ ಸಿಲಿಕಾ ಜೆಲ್ ಮತ್ತು ಆರ್ದ್ರತೆ ತೋರಿಸುವ ಚೀಟಿ, ಬಾಯಿಗೆ ಬಿಸಿ ಸೀಲ್. ಜೊತೆಗೆ ಎಲ್ಲೂ ಹೋಗದೆ ಡೆಸಿಕೇಟರ್‌ನಲ್ಲೇ ಉಳಿದ ಒಂದು ಜೊತೆ ಮಾದರಿ ಇರಲಿ.

ಸೀಸದ ಪ್ರಶ್ನೆಯನ್ನು ಮಲೆನಾಡಿನಲ್ಲಿ ಕೊನೆಯ ಪುಟಕ್ಕೆ ತಳ್ಳುವಂತಿಲ್ಲ. 500 ನ್ಯಾನೋಮೀಟರ್ ಪದರ ಒಂದು ಚದರ ಮೀಟರ್‌ಗೆ ಅರ್ಧ ಘನ ಸೆಂಟಿಮೀಟರ್, ತೂಕ ಎರಡು ಗ್ರಾಂ, ಅದರಲ್ಲಿ ಮೂರನೇ ಒಂದು ಪಾಲು ಸೀಸ, ಅಂದರೆ ಸುಮಾರು 0.7 ಗ್ರಾಂ. ಅಲ್ಪವೆನಿಸುತ್ತದೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಎಂದರೆ ಚದರ ಮೀಟರ್‌ಗೆ 7000 ಲೀಟರ್ ನೀರು. ಅಷ್ಟೂ ನೀರಿಗೆ ಸಮನಾಗಿ ಹಂಚಿದರೂ ಲೀಟರ್‌ಗೆ 0.1 ಮಿಲಿಗ್ರಾಂ, ಕುಡಿಯುವ ನೀರಿನ ಮಿತಿ 0.01. ಒಡೆದ ಫಲಕದಿಂದ ಮೊದಲ ಮಳೆಗೇ ಹೆಚ್ಚು ಪಾಲು ಹೋಗುವುದರಿಂದ ಆರಂಭದ ಪ್ರಮಾಣ ಇದಕ್ಕಿಂತ ಮೇಲೆ. ಆ ನೀರು ಹರಿಯುವುದು ತುಂಗೆಗೋ ಸೀತೆಗೋ. ಪ್ರಯೋಗಾಲಯದ ತೊಳೆದ ನೀರು, ಟಿಶ್ಯೂ, ಪಿಪೆಟ್ ತುದಿ ಯಾವುದೂ ಸಿಂಕಿಗೆ ಹೋಗಕೂಡದು, ಸೀಸದ ಕಸಕ್ಕೆ ಚೀಟಿ ಹಚ್ಚಿದ ಬೇರೆ ಪಾತ್ರೆ ಇರಲಿ. ನೈಟ್ರೈಲ್ ಕೈಗವಸನ್ನು ಡಿಎಂಎಫ್ ನಿಮಿಷಗಳಲ್ಲಿ ದಾಟುತ್ತದೆ, ಜೊತೆಗೆ ಸೀಸವನ್ನೂ ಒಯ್ಯುತ್ತದೆ. ಎರಡು ಜೊತೆ ತೊಡಿ, ಹನಿ ಬಿದ್ದ ಕೂಡಲೇ ಬದಲಿಸಿ.

ಫಲಕ ಕಟ್ಟುವಾಗ ಎರಡೂ ಕಡೆ ಗಾಜು, ನಡುವಿನ ಅಂಚಿಗೆ ಕನಿಷ್ಠ 10 ಮಿಲಿಮೀಟರ್ ಅಗಲದ ಬ್ಯೂಟೈಲ್ ರಬ್ಬರ್. ಬರೀ ಎಪಾಕ್ಸಿ ಅಂಚಿನಿಂದ ನೀರಿನಾವಿ ನುಸುಳುತ್ತದೆ. ಅಂತರರಾಷ್ಟ್ರೀಯ ಪರೀಕ್ಷೆ 85 ಡಿಗ್ರಿ, ಶೇ 85 ಆರ್ದ್ರತೆಯಲ್ಲಿ 1000 ಗಂಟೆ. ಅದಕ್ಕೆ ಬೇಕಾದ ಚೇಂಬರ್ ಸಿಗುವ ಮೊದಲು ಅಂಚಿನ ಕೆಲಸವನ್ನು ಅಗ್ಗವಾಗಿ ಪರೀಕ್ಷಿಸಬಹುದು: ಕೋಶದ ಜಾಗದಲ್ಲಿ ಒಣಗಿಸಿದ ಕೋಬಾಲ್ಟ್ ಕ್ಲೋರೈಡ್ ಕಾಗದ ಇಟ್ಟು, ಅದೇ ರೀತಿ ಸೀಲ್ ಮಾಡಿ, ಜೂನ್ ಮೊದಲ ವಾರ ಛಾವಣಿಗೆ ಹಾಕಿ. ನೀಲಿ ಕಾಗದ ಗುಲಾಬಿಯಾಗಲು ಶುರುವಾದ ಅಂಚನ್ನು ಗುರುತು ಮಾಡಿ, ಆ ಅಂಚಿನ ಒತ್ತಡ, ಅಗಲ, ಒತ್ತಿದ ಉಷ್ಣಾಂಶ ನೋಡಿ. ಈ ಕಾಗದ ಬಣ್ಣ ತಿರುಗಿಸಲು ಸಾಕಷ್ಟು ತೇವ ಬೇಕು, ಆದ್ದರಿಂದ ಇದರಲ್ಲಿ ಸೋತ ಸೀಲ್‌ನೊಳಗೆ ಪೆರೋವ್‌ಸ್ಕೈಟ್ ಇಡುವುದು ವ್ಯರ್ಥ. ಗೆದ್ದದ್ದನ್ನು ಮಾತ್ರ ಕೋಶ ಹಾಕಿ ಮುಂದಿನ ಪರೀಕ್ಷೆಗೆ ಕಳಿಸಿ.